ತೋಳವಿರುವ ಕಾಸಿನಲ್ಲಿ ಅರಸನೇಕೆ ಇಲ್ಲ?

ಪ್ರಶ್ನೆ: ನನ್ನ ದೊಡ್ಡಪ್ಪ ಮದುರೆಯಲ್ಲಿ ಕೆಲಸದಲ್ಲಿದ್ದಾಗ ಹಳೆ ಸಾಮಾನಿನ ಅಂಗಡಿಯಲ್ಲಿ ಕೊಂಡ ಸಣ್ಣ ಕಂದು ನಾಣ್ಯವೊಂದು ಈಗ ನನ್ನ ಬಳಿ ಇದೆ. ಅಡ್ಡಳತೆ 17 ಮಿಲಿಮೀಟರ್. ಅಕ್ಕಸಾಲಿಗರಲ್ಲಿ ತೂಗಿಸಿದಾಗ 2.3 ಗ್ರಾಂ ಬಂತು. ಒಂದು ಬದಿಯಲ್ಲಿ ಶಿರಸ್ತ್ರಾಣ ತೊಟ್ಟ ಹೆಂಗಸಿನ ಮುಖ, ಸುತ್ತ ಕೆಲವು ರೋಮನ್ ಅಕ್ಷರಗಳು. ಇನ್ನೊಂದು ಬದಿಯಲ್ಲಿ ನಾಯಿಯಂಥ ಪ್ರಾಣಿ, ಅದರ ಹೊಟ್ಟೆಯಡಿ ಎರಡು ಕೂಸುಗಳು, ಮೇಲೆ ಎರಡು ನಕ್ಷತ್ರ. ಕೆಳಗೊಂದು ಗೆರೆ, ಗೆರೆಯ ಅಡಿಯಲ್ಲಿ ‘ಎಸ್ ಎಂ ಕೆ’ ಎಂಬಂತೆ ಕಾಣುವ ಅಕ್ಷರಗಳು. ಇದು ರೋಮನ್ ನಾಣ್ಯವೇ ಆಗಿದ್ದರೆ ಚಕ್ರವರ್ತಿಯ ಮುಖವೇಕಿಲ್ಲ? ಚಿತ್ರಗಳ ಅರ್ಥವೇನು? ಮದುರೆಗೆ ಹೇಗೆ ಬಂತು? ಅಸಲಿಯೋ ನಕಲಿಯೋ? ಹುಣಸೆಹಣ್ಣು ಹಾಕಿ ತೊಳೆಯಬಹುದೇ? ಬೆಲೆ ಎಷ್ಟಾಗಬಹುದು?

ಉತ್ತರ: ತೊಳೆಯುವ ಪ್ರಶ್ನೆಯನ್ನು ಮೊದಲು ಮುಗಿಸೋಣ. ಉಳಿದ ಉತ್ತರ ಓದುವಷ್ಟರಲ್ಲಿ ನೀವು ಹುಣಸೆಹಣ್ಣು ನೆನೆಹಾಕಿಬಿಟ್ಟರೆ ಆಮೇಲೆ ಹೇಳಿ ಪ್ರಯೋಜನವಿಲ್ಲ. ತೊಳೆಯಬೇಡಿ. ನಿಂಬೆರಸ, ವಿನೆಗರ್, ಪಾತ್ರೆ ಬೆಳಗುವ ಪುಡಿ ಯಾವುದೂ ಬೇಡ. ನಿಮಗೆ ಕೊಳೆಯಾಗಿ ಕಾಣುವ ಕಂದು ಪದರ, ಲೋಹವೇ ಶತಮಾನಗಳ ಕಾಲ ಮಣ್ಣು ನೀರಿನೊಡನೆ ಬೆರೆತು ಕಟ್ಟಿಕೊಂಡ ಹೊದಿಕೆ. ಎಷ್ಟೋ ನಾಣ್ಯಗಳಲ್ಲಿ ಚಿತ್ರದ ಸೂಕ್ಷ್ಮ ಗೆರೆಗಳು ಉಳಿದಿರುವುದೇ ಆ ಹೊದಿಕೆಯಲ್ಲಿ. ಹುಳಿ ತಾಗಿತೆಂದರೆ ಕಿಲುಬಿನ ಜೊತೆ ತೋಳವೂ ಹೋಗುತ್ತದೆ. ಕೈಯಲ್ಲಿ ಉಳಿಯುವುದು ತಾಮ್ರದ ಬಣ್ಣದ ಬೋಳು ಬಿಲ್ಲೆ. ಗಟ್ಟಿಯಾದ, ನುಣುಪಾದ ಹಸಿರು ಇದ್ದರೆ ಹೆದರುವ ಕಾರಣವಿಲ್ಲ. ಮುಟ್ಟಿದರೆ ಪುಡಿಯಾಗಿ ಉದುರುವ ತಿಳಿಹಸಿರು ಮಚ್ಚೆಗಳಿದ್ದರೆ ಮಾತ್ರ ಎಚ್ಚರಿಕೆ ಬೇಕು. ಒಳಗೆ ಸೇರಿದ ಕ್ಲೋರೈಡ್ ಗಾಳಿಯ ತೇವ ಸಿಕ್ಕಿದಾಗಲೆಲ್ಲ ಕಂಚನ್ನು ತಿನ್ನುತ್ತಿದೆ ಎಂದು ಅರ್ಥ. ಅಂಥದ್ದನ್ನು ಸಂರಕ್ಷಣೆ ಬಲ್ಲವರಿಗೆ ತೋರಿಸಬೇಕು. ಅಲ್ಲಿಯವರೆಗೆ ಸಿಲಿಕಾ ಜೆಲ್ ಪೊಟ್ಟಣದೊಡನೆ ಒಣ ಡಬ್ಬಿಯಲ್ಲಿಡಿ. ಅಗ್ಗದ ಪಿವಿಸಿ ಚೀಲಗಳಲ್ಲಿ ಇಡಬೇಡಿ, ಅವುಗಳಿಂದ ಬಿಡುಗಡೆಯಾಗುವ ಆಮ್ಲ ಕಂಚಿಗೆ ಶತ್ರು.

ಇನ್ನು ನಾಣ್ಯದ ವಿಷಯ. ನಿಮ್ಮ ವಿವರಣೆ ಎಷ್ಟು ಚೊಕ್ಕವಾಗಿದೆಯೆಂದರೆ ಚಿತ್ರ ನೋಡದೆಯೇ ಗುರುತಿಸಬಹುದು. ಹೆಂಗಸಿನ ಮುಖದ ಸುತ್ತ ಇರುವ ಅಕ್ಷರಗಳು ‘ಉರ್ಬ್ಸ್ ರೋಮಾ’, ಅಂದರೆ ರೋಮ್ ನಗರ. ಲ್ಯಾಟಿನ್ನಿನಲ್ಲಿ ‘ಯು’ಗೂ ‘ವಿ’ಗೂ ಒಂದೇ ಅಕ್ಷರವಾದ್ದರಿಂದ ಅದು ‘ವಿ’ಯಿಂದ ಶುರುವಾದಂತೆ ಕಾಣುತ್ತದೆ. ಆಕೆ ಯಾವ ರಾಣಿಯೂ ಅಲ್ಲ, ಹೆಣ್ಣಿನ ರೂಪ ತಾಳಿದ ನಗರ, ರೋಮಾ. ಗರಿಯ ಶಿರಸ್ತ್ರಾಣ, ಹೆಗಲ ಮೇಲೆ ಚಕ್ರವರ್ತಿಗಳು ಹೊದೆಯುವ ಮೇಲಂಗಿ. ಹಿಂಬದಿಯ ಪ್ರಾಣಿ ನಾಯಿಯಲ್ಲ, ಹೆಣ್ಣು ತೋಳ. ಕೂಸುಗಳು ರೊಮುಲಸ್ ಮತ್ತು ರೆಮಸ್. ನದಿಗೆ ತೇಲಿಬಿಟ್ಟ ಅವಳಿಗಳನ್ನು ತೋಳ ಹಾಲೂಡಿಸಿ ಉಳಿಸಿತು, ಅವರಲ್ಲೊಬ್ಬ ಮುಂದೆ ರೋಮ್ ಕಟ್ಟಿದ ಎಂಬ ಕಥೆ ನಿಮಗೆ ಗೊತ್ತಿರಬಹುದು. ಎರಡು ನಕ್ಷತ್ರಗಳು ಕ್ಯಾಸ್ಟರ್ ಮತ್ತು ಪೊಲಕ್ಸ್ ಎಂಬ ಇನ್ನೊಂದು ಅವಳಿ ಜೋಡಿಯ ಸಂಕೇತ ಎನ್ನುವವರು ಹೆಚ್ಚು.

ಗೆರೆಯ ಅಡಿಯಲ್ಲಿರುವುದು ಟಂಕಸಾಲೆಯ ಗುರುತು. ‘ಎಸ್ ಎಂ’ ಎಂದರೆ ಪವಿತ್ರ, ಅಂದರೆ ಅರಮನೆಗೆ ಸೇರಿದ, ಹಣ. ‘ಕೆ’ ಎಂದರೆ ಕಿಜಿಕಸ್, ಇಂದಿನ ಟರ್ಕಿಯ ಮರ್ಮರ ಸಮುದ್ರದ ದಕ್ಷಿಣ ದಂಡೆಯಲ್ಲಿದ್ದ ಪಟ್ಟಣ. ‘ಕೆ’ಯ ಪಕ್ಕದಲ್ಲಿ ಇನ್ನೊಂದು ಅಕ್ಷರವಿರಬೇಕು, ಸವೆದಿರಬಹುದು. ಟಂಕಸಾಲೆಯೊಳಗಿನ ಯಾವ ವಿಭಾಗದಲ್ಲಿ ಅಚ್ಚಾಯಿತು ಎಂಬುದನ್ನು ಅದು ಗ್ರೀಕ್ ಎಣಿಕೆಯಲ್ಲಿ ಹೇಳುತ್ತದೆ. ತೂಕ ಕಡಿಮೆ ಬಂದರೆ ಯಾರನ್ನು ಹಿಡಿಯಬೇಕೆಂದು ಅಧಿಕಾರಿಗಳಿಗೆ ಗೊತ್ತಾಗಲು ಈ ಏರ್ಪಾಡು. ದೀಪವನ್ನು ಪಕ್ಕದಿಂದ, ನಾಣ್ಯದ ಮೈಗೆ ತಾಗುವಷ್ಟು ಓರೆಯಾಗಿ ಹಿಡಿದು ಭೂತಗನ್ನಡಿಯಲ್ಲಿ ನೋಡಿ. ಮೇಲಿನಿಂದ ಬೆಳಕು ಬಿದ್ದಾಗ ಕಾಣದ ಅಕ್ಷರ ಹೀಗೆ ನೋಡಿದಾಗ ಎದ್ದು ಬರುವುದುಂಟು.

ಈಗ ನಿಮ್ಮ ಮುಖ್ಯ ಪ್ರಶ್ನೆ, ಅರಸ ಎಲ್ಲಿ? ಅರಸ ಕಾನ್‌ಸ್ಟಂಟೈನ್. ಈ ನಾಣ್ಯದಲ್ಲಿ ಅವನು ಬೇಕೆಂದೇ ಹಿಂದೆ ಸರಿದು ನಿಂತಿದ್ದಾನೆ. 330ರ ಮೇ 11ರಂದು ಅವನು ಬೈಜಾಂಟಿಯಂ ಎಂಬ ಹಳೆಯ ಗ್ರೀಕ್ ಪಟ್ಟಣದ ಜಾಗದಲ್ಲಿ ತನ್ನದೇ ಹೆಸರಿನ ಹೊಸ ರಾಜಧಾನಿಯನ್ನು ಉದ್ಘಾಟಿಸಿದ. ಅದೇ ಹೊತ್ತಿಗೆ ಸಾಮ್ರಾಜ್ಯದ ಟಂಕಸಾಲೆಗಳಿಂದ ಎರಡು ಕಾಸುಗಳು ಜೋಡಿಯಾಗಿ ಹೊರಬಂದವು. ಒಂದು ನಿಮ್ಮದು. ಇನ್ನೊಂದರ ಮೇಲೆ ‘ಕಾನ್‌ಸ್ಟಂಟಿನೊಪೊಲಿಸ್’ ಎಂಬ ಬರಹ, ಶಿರಸ್ತ್ರಾಣದ ಜೊತೆ ರಾಜದಂಡವನ್ನೂ ಹಿಡಿದ ನಗರದೇವಿ. ಹಿಂದೆ ಹಡಗಿನ ಮೂತಿಯ ಮೇಲೆ ಕಾಲಿಟ್ಟು ನಿಂತ ರೆಕ್ಕೆಯ ವಿಜಯದೇವತೆ. ಗಾತ್ರ ಒಂದೇ, ತೂಕ ಒಂದೇ, ಬೆಲೆ ಒಂದೇ.

ಈ ಸಮಾನತೆಯೇ ನಾಣ್ಯದ ರಾಜಕೀಯ. ರೋಮಿನ ಹಳೆಯ ಮನೆತನಗಳಿಗೂ ಕಾನ್‌ಸ್ಟಂಟೈನನಿಗೂ ಆಗಿಬರುತ್ತಿರಲಿಲ್ಲ. 326ರಲ್ಲಿ ಆಳ್ವಿಕೆಯ ಇಪ್ಪತ್ತನೆಯ ವರ್ಷದ ಉತ್ಸವಕ್ಕೆಂದು ಅಲ್ಲಿಗೆ ಹೋದವನು ಮತ್ತೆ ಆ ಊರಿಗೆ ಕಾಲಿಡಲಿಲ್ಲ. ಅಧಿಕಾರ, ಹಣ, ಕಟ್ಟಡಗಳು ಎಲ್ಲವೂ ಪೂರ್ವಕ್ಕೆ ಹೋಗುತ್ತಿದ್ದವು. ಇಂಥ ಹೊತ್ತಿನಲ್ಲಿ ‘ನೀನೂ ರಾಜಧಾನಿಯೇ, ನಿನ್ನ ತೋಳವನ್ನು ನಾವು ಮರೆತಿಲ್ಲ’ ಎಂದು ಅತಿ ಅಗ್ಗದ ಕಾಸಿನ ಮೇಲೆ ಅಚ್ಚು ಹಾಕಿಸುವುದು ರೋಮಿನ ಮೂಗಿಗೆ ತುಪ್ಪ ಸವರುವ ಕೆಲಸ. ಚಿನ್ನದ ಮೇಲೆ ಹಾಕಿಸಿದ್ದರೆ ಸೇನಾಪತಿಗಳು, ಅಧಿಕಾರಿಗಳು ನೋಡುತ್ತಿದ್ದರು. ಕಂಚು ರೊಟ್ಟಿ ಕೊಳ್ಳುವವನ ಕೈಯಲ್ಲಿ ಓಡಾಡುತ್ತದೆ.

ತೋಳವನ್ನು ಆರಿಸಿಕೊಂಡದ್ದರಲ್ಲೂ ಚಾಣಾಕ್ಷತನ ಇದೆ. ಅವನು ಆ ವೇಳೆಗೆ ಕ್ರೈಸ್ತರ ಆಶ್ರಯದಾತ. ಒಂದು ಕಾಲದಲ್ಲಿ ಅವನ ಕಂಚಿನ ಮೇಲೆ ಮೆರೆದಿದ್ದ ಸೂರ್ಯದೇವ 320ರ ಹೊತ್ತಿಗೆ ಕಣ್ಮರೆಯಾಗಿದ್ದ. ಜುಪಿಟರನನ್ನು ಹಾಕಿದರೆ ಬಿಷಪ್ಪರು ಮುನಿಯುತ್ತಾರೆ, ಶಿಲುಬೆ ಹಾಕಿದರೆ ಸೆನೆಟರುಗಳು ಸಿಟ್ಟಾಗುತ್ತಾರೆ. ತೋಳ ದೇವರಲ್ಲ, ಊರಿನ ಹುಟ್ಟಿನ ಕಥೆ, ಇಬ್ಬರಿಗೂ ನುಂಗಬಹುದಾದದ್ದು. ಆದರೂ ಆರ್ಲ್ ಪಟ್ಟಣದ ಟಂಕಸಾಲೆಯ ಕೆಲವು ತೋಳದ ಕಾಸುಗಳಲ್ಲಿ ಎರಡು ನಕ್ಷತ್ರಗಳ ನಡುವೆ ಕ್ರಿಸ್ತನ ಹೆಸರಿನ ಗ್ರೀಕ್ ಮೊದಲಕ್ಷರಗಳ ಸಣ್ಣ ಗುರುತು ನುಸುಳಿಕೊಂಡಿದೆ! ಸಂಗ್ರಾಹಕರು ಅದಕ್ಕಾಗಿ ಮುಗಿಬೀಳುತ್ತಾರೆ. ನಿಮ್ಮದು ಕಿಜಿಕಸಿನದು, ಆ ಆಸೆ ಬೇಡ.

ತೋಳಕ್ಕೆ ಇನ್ನೊಬ್ಬ ವಾರಸುದಾರನೂ ಇದ್ದ. 312ರಲ್ಲಿ ಮಿಲ್ವಿಯನ್ ಸೇತುವೆಯ ಬಳಿ ಕಾನ್‌ಸ್ಟಂಟೈನ್ ಸೋಲಿಸಿದ ಮ್ಯಾಕ್ಸೆಂಟಿಯಸ್, ರೋಮಿನಲ್ಲೇ ಕುಳಿತು ಆಳಿದವನು, ಮಗನಿಗೆ ರೊಮುಲಸ್ ಎಂದೇ ಹೆಸರಿಟ್ಟವನು. ಓಸ್ಟಿಯಾದಲ್ಲಿ ಅವನು ಹೊಡೆಸಿದ ಕಂಚಿನ ಮೇಲೆ ಇದೇ ತೋಳ, ಇದೇ ಅವಳಿಗಳು. ಗೆದ್ದವನು ಹದಿನೆಂಟು ವರ್ಷಗಳ ಬಳಿಕ ಸೋತವನ ಲಾಂಛನವನ್ನು ತನ್ನದಾಗಿಸಿಕೊಂಡ. ಜೋಡಿಯ ಇನ್ನೊಂದು ಕಾಸಿನಲ್ಲಿ ಇದಕ್ಕಿಂತ ಕಹಿಯಾದ ಸಂಗತಿ ಇದೆ. ಹಡಗಿನ ಮೂತಿ 324ರಲ್ಲಿ ಎದುರಾಳಿ ಚಕ್ರವರ್ತಿ ಲಿಸಿನಿಯಸ್‌ನ ಮೇಲೆ ಸಿಕ್ಕ ನೌಕಾ ವಿಜಯವನ್ನು ಸೂಚಿಸುತ್ತದೆ ಎಂಬುದು ಸಾಮಾನ್ಯ ಅಭಿಪ್ರಾಯ. ಆ ಹಡಗುಪಡೆಯನ್ನು ನಡೆಸಿದವನು ಕಾನ್‌ಸ್ಟಂಟೈನನ ಹಿರಿಯ ಮಗ ಕ್ರಿಸ್ಪಸ್. 326ರಲ್ಲಿ ತಂದೆಯೇ ಅವನನ್ನು ಕೊಲ್ಲಿಸಿ ಹೆಸರನ್ನು ಶಾಸನಗಳಿಂದ ಅಳಿಸಿಹಾಕಿಸಿದ. ಕಾಸಿನ ಮೇಲೆ ಹಡಗು ಇದೆ, ವಿಜಯ ಇದೆ, ಗೆದ್ದವನಿಲ್ಲ.

ತೋಳದ ಚಿತ್ರ ಹೊಸದೇನಲ್ಲ. ಕ್ರಿ.ಪೂ. 269ರ ಸುಮಾರಿನ ಬೆಳ್ಳಿ ನಾಣ್ಯದಲ್ಲೇ ಅದು ಬಂದಿದೆ. ರೋಮಿಗೆ ಸಾವಿರ ವರ್ಷ ತುಂಬಿದ ಉತ್ಸವ ನಡೆದ ಕ್ರಿ.ಶ. 248ರಲ್ಲೂ ಬಂದಿದೆ. ರೋಮಿನ ವಸ್ತುಸಂಗ್ರಹಾಲಯದಲ್ಲಿರುವ ಪ್ರಸಿದ್ಧ ಕಂಚಿನ ತೋಳವನ್ನು ನೀವು ಚಿತ್ರಗಳಲ್ಲಿ ನೋಡಿರುತ್ತೀರಿ. ಅದರ ಕೆಳಗಿನ ಕೂಸುಗಳನ್ನು ಸೇರಿಸಿದ್ದು 15ನೇ ಶತಮಾನದಲ್ಲಿ. ತೋಳವೇ ಮಧ್ಯಯುಗದ ಎರಕ ಎಂದು ಕಾಲನಿರ್ಣಯ ಪರೀಕ್ಷೆಗಳ ಬಳಿಕ ಅನೇಕ ವಿದ್ವಾಂಸರು ಹೇಳುತ್ತಿದ್ದಾರೆ. ಹಾಗಿದ್ದರೆ ರೋಮನ್ನರು ಆ ತೋಳವನ್ನು ಹೇಗೆ ಕಲ್ಪಿಸಿಕೊಂಡಿದ್ದರು ಎಂಬುದಕ್ಕೆ ಜಗತ್ಪ್ರಸಿದ್ಧ ಪ್ರತಿಮೆಗಿಂತ ನಿಮ್ಮ ಕೈಯಲ್ಲಿರುವ ಪುಡಿಗಾಸೇ ನಂಬಿಕಸ್ತ ಸಾಕ್ಷಿ. ಗಮನಿಸಿ ನೋಡಿ: ತೋಳ ಎಡಕ್ಕೆ ಮುಖಮಾಡಿ ನಿಂತು ಕತ್ತನ್ನು ಹಿಂದಕ್ಕೆ ತಿರುಗಿಸಿ ಕೂಸುಗಳನ್ನು ನೋಡುತ್ತಿರುತ್ತದೆ. ಉಬ್ಬು ಹೆಚ್ಚಿರುವ ಪಕ್ಕೆ ಮೊದಲು ಸವೆಯುತ್ತದೆ, ಹೊಟ್ಟೆಯ ಮರೆಯಲ್ಲಿರುವ ಕೂಸುಗಳು ಕೊನೆಯವರೆಗೆ ಉಳಿಯುತ್ತವೆ. ಚೆನ್ನಾಗಿ ಉಳಿದ ನಾಣ್ಯದಲ್ಲಿ ಕತ್ತಿನ ಕೂದಲನ್ನು ಸಾಲು ಸಾಲು ಸಣ್ಣ ಗೀರುಗಳಲ್ಲಿ ಕೊರೆದಿರುವುದು ಕಾಣುತ್ತದೆ. ಅಚ್ಚಿನ ಮೇಲೆ ಇವೆಲ್ಲವನ್ನೂ ತಿರುವುಮುರುವಾಗಿ, ಕನ್ನಡಿಯಲ್ಲಿ ಕಂಡಂತೆ ಕೊರೆಯಬೇಕಿತ್ತು, ಅದೂ ಹೆಬ್ಬೆರಳ ಉಗುರಿನಷ್ಟು ಜಾಗದಲ್ಲಿ.

ಚಿತ್ರ ಓದುವಾಗ ತೂಕವನ್ನೂ ಓದಬೇಕೆಂದು ನಾನು ಯಾವಾಗಲೂ ಒತ್ತಿ ಹೇಳುತ್ತೇನೆ. ನೀವು ತೂಗಿಸಿದ್ದು ಒಳ್ಳೆಯದಾಯಿತು. 330ರಲ್ಲಿ ಈ ಕಾಸು ಸುಮಾರು ಎರಡೂವರೆ ಗ್ರಾಂ ಇತ್ತು. 336ರ ಹೊತ್ತಿಗೆ ಅದನ್ನು ಒಂದೂವರೆ ಗ್ರಾಂ ಆಸುಪಾಸಿಗೆ ಇಳಿಸಿದರು. ನಿಮ್ಮದು 2.3 ಗ್ರಾಂ ಇರುವುದರಿಂದ 330ರಿಂದ 335ರ ನಡುವಿನದು ಎಂದು ಧೈರ್ಯವಾಗಿ ಹೇಳಬಹುದು.

ಈ ಸಣ್ಣತನಕ್ಕೆ ಮುಂಚಿನ ವೈಭವ ನೋಡಬೇಕಾದರೆ ಮೊದಲನೆಯ ಶತಮಾನಕ್ಕೆ ಹೋಗಬೇಕು. ಮೊದಲ ಚಕ್ರವರ್ತಿ ಆಗಸ್ಟಸ್ ಕ್ರಿ.ಪೂ. 23ರ ಸುಮಾರಿಗೆ ಚಿಲ್ಲರೆ ನಾಣ್ಯಗಳ ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದಾಗ ಬಂದ ಸೆಸ್ಟರ್ಶಿಯಸ್ ಹಿತ್ತಾಳೆಯದು, ಸುಮಾರು 25 ಗ್ರಾಂ, ಅಂದರೆ ನಿಮ್ಮ ಕಾಸಿನ ಹತ್ತರಷ್ಟು. ಅಷ್ಟು ಅಗಲ ಸಿಕ್ಕಿದರೆ ಕೊರೆಯುವವನಿಗೆ ಹಬ್ಬ. ಟೈಟಸ್ 80ರಲ್ಲಿ ಕೊಲೊಸಿಯಂ ಉದ್ಘಾಟಿಸಿದಾಗ ಹೊರಟ ನಾಣ್ಯದಲ್ಲಿ ಇಡೀ ಕಟ್ಟಡವನ್ನು ಮೇಲಿನಿಂದ ಓರೆಯಾಗಿ ನೋಡಿದಂತೆ ತೋರಿಸಿ, ಒಳಗಿನ ಜನಸ್ತೋಮವನ್ನು ಚುಕ್ಕೆ ಚುಕ್ಕೆಯಾಗಿ ಕೂರಿಸಿದ್ದಾರೆ. ಅವನ ತಂದೆ ವೆಸ್ಪಾಸಿಯನ್ ಹೊಡೆಸಿದ್ದರಲ್ಲಿ ಖರ್ಜೂರದ ಮರದಡಿ ತಲೆಗೆ ಕೈಹೊತ್ತು ಕುಳಿತ ಯೆಹೂದಿ ಹೆಂಗಸು: ಜೆರುಸಲೇಮನ್ನು ಸುಟ್ಟದ್ದರ ಜಾಹೀರಾತು. ಎಷ್ಟು ಸುಂದರವಾಗಿದೆಯೋ ಅಷ್ಟೇ ಕ್ರೂರ. ನನಗೆ ಇವೆರಡಕ್ಕಿಂತ ಇಷ್ಟವಾದದ್ದು ಮುದುಕ ನೆರ್ವಾ 97ರಲ್ಲಿ ಹೊಡೆಸಿದ ಸೆಸ್ಟರ್ಶಿಯಸ್. ಸರ್ಕಾರಿ ಅಂಚೆಬಂಡಿಗಳ ಖರ್ಚನ್ನು ಇಟಲಿಯ ಊರುಗಳು ಹೊರಬೇಕಿತ್ತು; ಅವನು ಅದನ್ನು ರದ್ದು ಮಾಡಿದ. ಅದನ್ನು ಸಾರಲು ಹಾಕಿಸಿದ ಚಿತ್ರದಲ್ಲಿ ದೇವರಿಲ್ಲ, ವಿಜಯವಿಲ್ಲ. ಎರಡು ಹೇಸರಗತ್ತೆಗಳು ಬೆನ್ನಿಗೆ ಬೆನ್ನು ಮಾಡಿ ಮೇಯುತ್ತಿವೆ, ಹಿಂದೆ ನೊಗ ಕಳಚಿದ ಬಂಡಿ ಮೂಕಿ ಮೇಲೆತ್ತಿ ನಿಂತಿದೆ. ತೆರಿಗೆ ವಿನಾಯಿತಿಯನ್ನು ಇದಕ್ಕಿಂತ ಚೆನ್ನಾಗಿ ಹೇಳಿದ ಸರ್ಕಾರ ಇನ್ನೊಂದಿಲ್ಲ.

ಆಮೇಲೆ ಮೂರನೆಯ ಶತಮಾನದ ಯುದ್ಧ, ದಂಗೆ, ಹಣದುಬ್ಬರ. ಬೆಳ್ಳಿಯೆಂದು ಚಲಾವಣೆಯಾಗುತ್ತಿದ್ದುದರಲ್ಲಿ ಬೆಳ್ಳಿ ಹೆಸರಿಗಷ್ಟೇ ಉಳಿಯಿತು, ದೊಡ್ಡ ಹಿತ್ತಾಳೆ ನಾಣ್ಯ ನಿಂತೇಹೋಯಿತು. 294ರ ಸುಮಾರಿಗೆ ಚಕ್ರವರ್ತಿ ಡಯೊಕ್ಲೀಷಿಯನ್ ಹತ್ತು ಗ್ರಾಂ ತೂಕದ ಹೊಸ ಕಂಚನ್ನು ತಂದ. ಒಂದು ತಲೆಮಾರು ಕಳೆಯುವಷ್ಟರಲ್ಲಿ ಅದು ಕಾಲುಭಾಗಕ್ಕೆ ಕರಗಿ ನಿಮ್ಮ ಕಾಸಾಯಿತು. ತಮಾಷೆಯೆಂದರೆ ಲೋಹ ಕರಗಿದಷ್ಟೂ ಬರಹದ ದನಿ ಏರಿತು. 348ರಲ್ಲಿ ಕಾನ್‌ಸ್ಟಂಟೈನನ ಮಕ್ಕಳು ತಂದ ಕಂಚಿನ ಮೇಲೆ ‘ಸುಖದ ದಿನಗಳು ಮರಳಿ ಬಂದವು’ ಎಂಬರ್ಥದ ಘೋಷಣೆ ಇದೆ. ಚಿತ್ರದಲ್ಲಿ ಸೈನಿಕನೊಬ್ಬ ಕುದುರೆಯಿಂದ ಬೀಳುತ್ತಿರುವ ಶತ್ರುವನ್ನು ಈಟಿಯಿಂದ ತಿವಿಯುತ್ತಿದ್ದಾನೆ. ಹತ್ತು ವರ್ಷ ಕಳೆಯುವುದರೊಳಗೆ ಆ ನಾಣ್ಯವೂ ಕುಗ್ಗಿ ನಿಮ್ಮದರ ಗಾತ್ರಕ್ಕೇ ಇಳಿಯಿತು. ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೆ ಗತಿಯಿಲ್ಲ.

ಕಾಸು ಎಣಿಸುವವನು ಈ ಚಿತ್ರಗಳನ್ನು ನಿಜವಾಗಿ ನೋಡುತ್ತಿದ್ದನೇ ಎಂದು ವಿದ್ವಾಂಸರು ಜಗಳವಾಡುತ್ತಾರೆ. ನೋಡುತ್ತಿದ್ದ ಎಂಬ ಪಕ್ಷ ನನ್ನದು. ಗುಲಾಮನಾಗಿದ್ದು ತತ್ವಜ್ಞಾನಿಯಾದ ಎಪಿಕ್ಟೆಟಸ್ ಮನುಷ್ಯರ ಗುಣ ಅಳೆಯುವ ಮಾತು ಬಂದಾಗ ಕೊಟ್ಟ ಉದಾಹರಣೆಯೇ ಸೆಸ್ಟರ್ಶಿಯಸ್ಸಿನದು: ಯಾರ ಮುದ್ರೆ ಇದೆ? ಟ್ರೇಜನ್ನನದೇ, ಕೊಡು, ನೀರೋನದೇ, ಆಚೆ ಬಿಸಾಡು, ಅದು ನಡೆಯುವುದಿಲ್ಲ. ಕೇಳುಗರು ನಾಣ್ಯದ ಮುಖ ನೋಡುವವರಲ್ಲದಿದ್ದರೆ ಈ ಮಾತಿಗೆ ಅರ್ಥವೇ ಇರುತ್ತಿರಲಿಲ್ಲ. ಟೈಬೀರಿಯಸ್‌ನ ಕಾಲದಲ್ಲಿ ಆಗಸ್ಟಸನ ಚಿತ್ರವಿದ್ದ ನಾಣ್ಯ ಇಟ್ಟುಕೊಂಡು ಶೌಚಾಲಯಕ್ಕೆ ಹೋಗುವುದೂ ಅಪರಾಧವಾಗಿತ್ತೆಂದು ಚಕ್ರವರ್ತಿಗಳ ಜೀವನಚರಿತ್ರೆ ಬರೆದ ಸ್ವೆಟೋನಿಯಸ್ ಹೇಳಿದ್ದಾನೆ. ಅವನು ಸ್ವಲ್ಪ ಉಪ್ಪುಖಾರ ಹಚ್ಚುವ ಆಸಾಮಿ. ಆದರೂ ಮುಖಕ್ಕೆ ಇದ್ದ ಬೆಲೆ ಇದರಿಂದ ತಿಳಿಯುತ್ತದೆ.

ಮದುರೆಗೆ ಹೇಗೆ ಬಂತು ಎಂಬುದಕ್ಕೆ ಬರುತ್ತೇನೆ. ರೋಮನ್ ಹಣ ದಕ್ಷಿಣ ಭಾರತಕ್ಕೆ ಎರಡು ಅಲೆಗಳಲ್ಲಿ ಬಂದಿದೆ. ಮೊದಲನೆಯದು ಮೆಣಸು, ಮುತ್ತು, ಬಟ್ಟೆಯ ವ್ಯಾಪಾರಕ್ಕೆ ಬಂದ ಬೆಳ್ಳಿ ಮತ್ತು ಚಿನ್ನ. ಭಾರತ ವರ್ಷಕ್ಕೆ ಐದು ಕೋಟಿ ಸೆಸ್ಟರ್ಶಿಯಸ್ ಬಾಚಿಕೊಳ್ಳುತ್ತಿದೆ ಎಂದು ರೋಮನ್ ಲೇಖಕ ಪ್ಲಿನಿ ಗೋಳಾಡಿದ್ದು ಆಗಲೇ. ಲೆಕ್ಕ ಹಿತ್ತಾಳೆಯಲ್ಲಿ, ಬಂದದ್ದು ಬಿಳಿ ಹಳದಿ ಲೋಹ. ಕರ್ನಾಟಕದಲ್ಲಿ ಹೆಸರಾದ ರೋಮನ್ ನಾಣ್ಯಗಳೂ ಅಮೂಲ್ಯ ಲೋಹದವೇ: 1891ರಲ್ಲಿ ಬೆಂಗಳೂರಿನ ಯಶವಂತಪುರದಲ್ಲಿ ಸಿಕ್ಕ ನಿಧಿ ಬೆಳ್ಳಿಯದು, ಚಿತ್ರದುರ್ಗದ ಚಂದ್ರವಳ್ಳಿಯ ಉತ್ಖನನದಲ್ಲಿ ಸಿಕ್ಕವು ಬೆಳ್ಳಿಯವು, ಅಕ್ಕಿಆಲೂರಿನದು ಬಹುಪಾಲು ಬೈಜಾಂಟೈನ್ ಕಾಲದ ಚಿನ್ನ. ಕಂಚು ಬಂದದ್ದು ಎರಡನೆಯ ಅಲೆಯಲ್ಲಿ, ನಾಲ್ಕು ಮತ್ತು ಐದನೆಯ ಶತಮಾನಗಳಲ್ಲಿ, ಹೆಚ್ಚಾಗಿ ತಮಿಳುನಾಡು ಮತ್ತು ಶ್ರೀಲಂಕಾಗಳಿಗೆ. ಕರೂರಿನ ಅಮರಾವತಿ, ಮದುರೆಯ ವೈಗೈ ನದಿಪಾತ್ರಗಳ ಮರಳಿನಲ್ಲಿ ಇಂಥ ಕಾಸುಗಳು ರಾಶಿಯಾಗಿ ಸಿಕ್ಕಿವೆ. ಕೈಯಿಂದ ಕೈಗೆ ಓಡಾಡಿ ಚೆನ್ನಾಗಿ ಸವೆದಿರುವುದನ್ನು ನೋಡಿದರೆ ಇಲ್ಲಿ ಪುಡಿಗಾಸಾಗಿಯೇ ನಡೆದಿರಬೇಕು. ಶ್ರೀಲಂಕಾದಲ್ಲಂತೂ ಸಾಲದೆ ಬಂದು ಅವುಗಳ ಅನುಕರಣೆಗಳನ್ನೇ ಅಚ್ಚು ಹಾಕಿಕೊಂಡರು. ಆದ್ದರಿಂದ ಮದುರೆಯ ಹಳೆ ಸಾಮಾನಿನ ಅಂಗಡಿಯಲ್ಲಿ ಕಿಜಿಕಸಿನ ತೋಳ ಸಿಗುವುದು ಆಶ್ಚರ್ಯವಲ್ಲ. ದೊಡ್ಡಪ್ಪ ಅಂಗಡಿಯ ಹೆಸರನ್ನೋ ಕೊಂಡ ವರ್ಷವನ್ನೋ ಎಲ್ಲಾದರೂ ಗೀಚಿಟ್ಟಿದ್ದರೆ ಆ ಚೀಟಿಯನ್ನು ನಾಣ್ಯದ ಜೊತೆಗೇ ಇಡಿ. ಮೂಲ ತಿಳಿಯದ ನಾಣ್ಯ ಅಧ್ಯಯನಕ್ಕೆ ಅರ್ಧ ಮಾತ್ರ ಉಪಯೋಗ.

ಅಸಲಿಯೇ? ತೂಕ, ಅಳತೆ, ಟಂಕಸಾಲೆಯ ಗುರುತು ಮೂರೂ ಒಂದಕ್ಕೊಂದು ಹೊಂದುತ್ತಿವೆ, ಇದು ಒಳ್ಳೆಯ ಲಕ್ಷಣ. ಪ್ರವಾಸಿಗರಿಗೆ ಮಾರುವ ಖೋಟಾಗಳು ಸಾಮಾನ್ಯವಾಗಿ ಎರಕದವು. ಅಂಚಿನ ಸುತ್ತ ಎರಡು ಅರ್ಧಗಳು ಕೂಡಿದ ಸಣ್ಣ ಗೆರೆ, ಮೈಮೇಲೆ ಗುಳ್ಳೆ ಒಡೆದಂಥ ಕುಳಿಗಳು, ಅಕ್ಷರಗಳ ಮೂಲೆಗಳು ಮೆತ್ತಗಾಗಿರುವುದು ಎರಕದ ಗುರುತು. ಸುತ್ತಿಗೆಯಿಂದ ಹೊಡೆದ ಅಸಲಿ ನಾಣ್ಯದ ಅಂಚಿನಲ್ಲಿ ಲೋಹ ಹಿಗ್ಗಿ ಸೀಳಿದ ಬಿರುಕುಗಳಿರುತ್ತವೆ, ಚಿತ್ರ ನಡುವಿನಿಂದ ಜಾರಿರುವುದೂ ಉಂಟು. ಅದು ದೋಷವೆಂದು ಬೇಸರಿಸಬೇಡಿ. ಇನ್ನೊಂದು ಜಾತಿ ಇದೆ, ಆ ಕಾಲದ್ದೇ ನಕಲು. 340ರ ದಶಕದಲ್ಲಿ ಗಾಲ್ (ಇಂದಿನ ಫ್ರಾನ್ಸ್) ಮತ್ತು ಬ್ರಿಟನ್ ಕಡೆ ಚಿಲ್ಲರೆಯ ಕೊರತೆಯಾದಾಗ ಜನರೇ ತೋಳದ ಕಾಸು ಹೊಡೆದುಕೊಂಡರು. ಅಕ್ಷರ ಬಾರದವರ ಕೈಯಲ್ಲಿ ಬರಹ ಕಡ್ಡಿಗಳ ಸಾಲಾಗಿದೆ, ಕೂಸುಗಳು ಎರಡು ಚುಕ್ಕೆಗಳಾಗಿವೆ, ತೋಳ ನೀವಂದಂತೆ ನಾಯಿಯೇ ಆಗಿದೆ. ಅವನ್ನು ಪ್ರೀತಿಯಿಂದ ಸಂಗ್ರಹಿಸುವವರೂ ಇದ್ದಾರೆ.

ಬೆಲೆಯ ವಿಷಯದಲ್ಲಿ ನಿರಾಸೆಯಾಗಬಹುದು. ಹನ್ನೆರಡಕ್ಕೂ ಹೆಚ್ಚು ಟಂಕಸಾಲೆಗಳು ಅಪಾರ ಸಂಖ್ಯೆಯಲ್ಲಿ ಹೊಡೆದ ಕಾಸು ಇದು; ಸಾಧಾರಣ ಸ್ಥಿತಿಯದಕ್ಕೆ ಹೊರದೇಶದ ಮಾರುಕಟ್ಟೆಯಲ್ಲೂ ಒಂದೆರಡು ಸಾವಿರ ರೂಪಾಯಿ ಬಂದರೆ ಹೆಚ್ಚು. ಹಾಗೆಂದು ಅಲ್ಲಿಗೆ ಕಳುಹಿಸಲು ಹೊರಡಬೇಡಿ. ನೂರು ವರ್ಷ ದಾಟಿದ ನಾಣ್ಯ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರುತ್ತದೆ. ಖಾಸಗಿಯವರು ದೇಶದಿಂದ ಹೊರಕ್ಕೆ ಕಳುಹಿಸುವಂತಿಲ್ಲ. ಹಾಗೆಯೇ ‘ಹಳೆಯ ನಾಣ್ಯಕ್ಕೆ ಲಕ್ಷ ಲಕ್ಷ ಕೊಡುತ್ತೇವೆ’ ಎಂದು ಮೊಬೈಲಿಗೆ ಬರುವ ಸಂದೇಶಗಳಿಗೆ ಫೋಟೊ ಕಳುಹಿಸಿದರೆ ಮರುದಿನವೇ ನೋಂದಣಿ ಶುಲ್ಕ ಕೇಳುತ್ತಾರೆ. ರಿಸರ್ವ್ ಬ್ಯಾಂಕ್ ತನ್ನ ಹೆಸರನ್ನೇ ಬಳಸಿ ನಡೆಯುವ ಇಂಥ ಮೋಸದ ಬಗ್ಗೆ 2021ರಲ್ಲಿ ಎಚ್ಚರಿಕೆ ಕೊಟ್ಟಿದೆ. ಕೊಳ್ಳುವವನು ಹಣ ಕೇಳಿದನೆಂದರೆ ಮಾತು ಅಲ್ಲಿಗೇ ನಿಲ್ಲಿಸಿ.